ಇಪ್ಪತ್ತೊಂಬತ್ತು ಅಂಕಗಳ ಒಂದು ಸಂಖ್ಯೆ
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಅಂಗಡಿಯ ಗಾದಿಯ ಮೇಲೆ ಕುಳಿತು ಖಾತೆ ಬರೆಯುವ ನನಗೆ ಸಿದ್ಧಾಂತವನ್ನು ವಿವರಿಸುವ ಅಧಿಕಾರವಿಲ್ಲ. ಬಲ್ಲದ್ದು ಲೆಕ್ಕ, ಅದನ್ನೇ ಅರಿಕೆ ಮಾಡುತ್ತೇನೆ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳಿದ್ದಾರೆ. ಎರಡರ ವರ್ಗ 4. ಅದರ ವರ್ಗ 16. ಮುಂದೆ 256, 65,536. ಐದನೆಯ ವರ್ಗ 4,29,49,67,296. ನಾಲ್ವತ್ತೆರಡರಿಂದ ಮೊದಲಾಗುವ ಇದಕ್ಕೆ 'ಬಾದಾಲ'ವೆಂದು ಹೆಸರು. ಬಾದಾಲದ ಘನವೇ ಆ ಸಂಖ್ಯೆ:

79,22,81,62,51,42,64,33,75,93,54,39,50,336

ಬಾದಾಲವು ಎರಡನ್ನು 32 ಸಲ ಗುಣಿಸಿದ ಫಲ. ಆದ್ದರಿಂದ ಘನವು 96 ಸಲ ಗುಣಿಸಿದ ಫಲ. ಇದನ್ನು 96 ಸಲ ಅರ್ಧಿಸಿದರೆ ಎಲ್ಲಿಯೂ ಶೇಷವುಳಿಯದೆ ಒಂದಕ್ಕೆ ಬಂದು ನಿಲ್ಲುತ್ತದೆ. ಶ್ವೇತಾಂಬರರ ಅನುಯೋಗದ್ವಾರ ಸೂತ್ರವೂ ಮನುಷ್ಯರ ಗಣನೆಯಲ್ಲಿ ಈ 96 ಅರ್ಧಚ್ಛೇದಗಳನ್ನೇ ಹೇಳಿದೆ. ಎರಡು ಪರಂಪರೆಗಳೂ ಒಂದೇ ರಾಶಿಯನ್ನು ಕಾಪಾಡಿಕೊಂಡು ಬಂದುದು ನನಗೆ ಬಹಳ ಹಿತವೆನಿಸಿತು.

2022ರಲ್ಲಿ ಲೋಕದ ಜನಸಂಖ್ಯೆ 800 ಕೋಟಿಗೆ ಮುಟ್ಟಿತಲ್ಲ, ಈ ಲೆಕ್ಕ ಹೇಗೆ ಕೂಡೀತೆಂದು ನಮ್ಮ ಹುಡುಗರು ಕೇಳುತ್ತಾರೆ. ಶಾಸ್ತ್ರದ ಮಾತು ಎರಡೂವರೆ ದ್ವೀಪಗಳ ಮನುಷ್ಯಕ್ಷೇತ್ರವನ್ನು ಕುರಿತದ್ದು, ಸರಕಾರದ ಜನಗಣತಿಯನ್ನಲ್ಲ. ಮಿಕ್ಕದ್ದನ್ನು ಪೂಜ್ಯರಲ್ಲಿ ಕೇಳಿಕೊಳ್ಳತಕ್ಕದ್ದು.

ನಾನು ಈ ಸಂಖ್ಯೆಯನ್ನು ವಹಿಯ ಕೊನೆಯ ಹಾಳೆಯಲ್ಲಿ ನಕಲು ಮಾಡಿಕೊಂಡು ತಾಳೆ ನೋಡಿದೆ. ಅಂಕಗಳನ್ನೆಲ್ಲ ಕೂಡಿದರೆ 127. ಅದನ್ನು ಮತ್ತೆ ಕೂಡುತ್ತ ಹೋದರೆ 1. ಬಾದಾಲದ ಅಂಕಗಳ ಮೊತ್ತ 58, ಕಡೆಗೆ 4. ನಾಲ್ಕರ ಘನ 64, ಅದೂ ಕಡೆಗೆ 1. ಲೆಕ್ಕ ಸರಿಯೆಂದು ಸಂತೋಷಪಟ್ಟೆ. ಆದರೆ ಅರ್ಧಿಸಲು ಕುಳಿತಾಗ ಆರು ಸಲಕ್ಕೇ ಬೆಸಸಂಖ್ಯೆ ಬಂದಿತು! ಏಳನೆಯ ಸಲ ಒಂದು ಉಳಿಯಿತು. ಇನ್ನೂ ತೊಂಬತ್ತು ಅರ್ಧಗಳು ಬಾಕಿಯಿದ್ದವು. ಶಾಸ್ತ್ರವೇ ತಪ್ಪಿತೇನೋ ಎಂಬ ಅಳುಕೂ ಒಂದು ಗಳಿಗೆ ಮನಸ್ಸಿನಲ್ಲಿ ಹಾದುಹೋಯಿತೆಂದು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಉತ್ತರ ಆಚಾರ್ಯರ ಗಾಥೆಯಲ್ಲಿಯೇ ಇದ್ದಿತು. ಅವರು ಅಂಕಗಳನ್ನು ಬರೆಯದೆ ಅಕ್ಷರಗಳಲ್ಲಿ ಅಡಗಿಸಿದ್ದಾರೆ. ಕಕಾರದಿಂದ ಒಂಬತ್ತು, ಟಕಾರದಿಂದ ಒಂಬತ್ತು, ಪಕಾರದಿಂದ ಐದು, ಯಕಾರದಿಂದ ಎಂಟು ಅಕ್ಷರಗಳು ಕ್ರಮವಾಗಿ ಒಂದು ಮೊದಲಾದ ಅಂಕಗಳು, ನಕಾರ ಸೊನ್ನೆ. ಇಪ್ಪತ್ತೊಂಬತ್ತು ಅಕ್ಷರಗಳು ಏಕಸ್ಥಾನದಿಂದ ಮೇಲಕ್ಕೆ ಏರುತ್ತವೆ. ಮೊದಲನೆಯದು ತಕಾರ, ಎಂದರೆ 6. ಕಡೆಯದು ಸಕಾರ, 7. ಒಂದೊಂದಾಗಿ ಬೆರಳಿಟ್ಟು ಓದಿದೆ. ಆರನೆಯ ಅಕ್ಷರ ಧಕಾರ, 9. ಏಳನೆಯದು ಗಕಾರ, 3. ನನ್ನ ವಹಿಯಲ್ಲಿ ಇವೆರಡು ಅದಲುಬದಲಾಗಿದ್ದವು. ಹಿಂದೆಯೇ ಒಂದು 93 ಬಂದಿರುವುದರಿಂದ 39ನ್ನೂ 93 ಎಂದು ಬರೆದಿದ್ದೆ. ಸ್ಥಾನ ಪಲ್ಲಟವಾದರೆ ಮೊತ್ತ ಬದಲಾಗದು. ಆದುದರಿಂದಲೇ ನನ್ನ ಅಂಗಡಿಯ ತಾಳೆಗೆ ಆ ತಪ್ಪು ಸಿಕ್ಕಲಿಲ್ಲ.

1359ರಲ್ಲಿ ಕೇಶವಣ್ಣನು ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ರಚಿಸಿದನು. ಓಲೆಯಿಂದ ಓಲೆಗೆ ಪ್ರತಿ ಮಾಡಿದ ಎಷ್ಟು ಕೈಗಳು ನನ್ನಂತೆ ತಪ್ಪಿರಬಹುದು! ತಿದ್ದಿಕೊಳ್ಳಲು ಗಾಥೆಯಿದ್ದಿತು, ಅರ್ಧಚ್ಛೇದವಿದ್ದಿತು.

ತಿದ್ದಿದ ಮೇಲೆ ಎರಡು ರಾತ್ರಿ ಕುಳಿತು ತೊಂಬತ್ತಾರನ್ನೂ ಅರ್ಧಿಸಿದೆ, ಒಂದು ಬಂದಿತು. ಸ್ಮರಣ ಸಂಚಿಕೆಯಲ್ಲಿ ಈ ಸಂಖ್ಯೆ ಅಚ್ಚಾದಾಗ ತಮ್ಮ ಮನೆಯ ಮಕ್ಕಳ ಕೈಯಲ್ಲಿ ಅರ್ಧಿಸಿ ನೋಡಿಸಿರಿ. ನಡುವೆ ಶೇಷವುಳಿದರೆ ದಯವಿಟ್ಟು ನನಗೆ ತಿಳಿಸಿರಿ.