ಕ್ಯಾಪ್ಟನ್ ಸುಂದರಂ ದಂಪತಿ: ಒಂದು ಬದುಕಿನ ನೆನಪು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ವಿದ್ಯಾರ್ಥಿವೇತನ ಕೊಡುವ ದಿನ ಒಬ್ಬರ ಬದುಕನ್ನು ನೆನೆಯುವುದು ಒಳ್ಳೆಯದು. ಹಣ ಖರ್ಚಾಗುತ್ತದೆ, ಕೇಳಿದ ಒಳ್ಳೆಯ ಮಾತು ಉಳಿಯುತ್ತದೆ. ಮುಂದೆ ಏನಾಗಬೇಕು ಎಂದು ಕೇಳಿದರೆ ನಮ್ಮ ಮಕ್ಕಳು ಡಾಕ್ಟರ್, ಎಂಜಿನಿಯರ್ ಎನ್ನುತ್ತಾರೆ. ಪೈಲಟ್ ಎನ್ನುವವರೂ ಇದ್ದಾರೆ. ಕೇಳಿದ ದೊಡ್ಡವರು ನಕ್ಕುಬಿಡುತ್ತಾರೆ. ಅದಕ್ಕಾಗಿ ಈ ವರ್ಷ ಒಬ್ಬ ಪೈಲಟ್ ಸಾಹೇಬರನ್ನೂ ಅವರ ಕುಟುಂಬವನ್ನೂ ನೆನೆಯೋಣ. ಅವರು ನಮ್ಮ ಕೌಮಿನವರಲ್ಲ, ನಮ್ಮ ಊರಿನವರೂ ಅಲ್ಲ. ಒಳ್ಳೆಯ ನಡತೆ ಎಲ್ಲಿದ್ದರೂ ಕಲಿಯಬೇಕು ಎಂದೇ ನಮಗೆ ಹಿರಿಯರು ಹೇಳಿಕೊಟ್ಟಿದ್ದಾರೆ.

ಅವರ ಹೆಸರು ಕ್ಯಾಪ್ಟನ್ ವಿ. ಸುಂದರಂ. ಮದರಾಸಿನ ಕಡೆಯವರು. ದೇಶಕ್ಕೆ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಬೆಂಗಳೂರಿಗೆ ಬಂದು ನಮ್ಮ ಮೈಸೂರು ಮಹಾರಾಜರ ಡಕೋಟಾ ವಿಮಾನವನ್ನು ಹಾರಿಸುತ್ತಿದ್ದರು. ಡಕೋಟಾ ಎಂದರೆ ಎರಡು ಎಂಜಿನ್‌ಗಳ ವಿಮಾನ. ಈಗಿನ ವಿಮಾನಗಳಂತೆ ಮೋಡದ ಮೇಲೆ ಎತ್ತರಕ್ಕೆ ಹೋಗುವಂಥದ್ದಲ್ಲ. ಮಳೆ, ಗಾಳಿ ಎಲ್ಲವನ್ನೂ ಎದುರಿಸಿಯೇ ಸಾಗಬೇಕು. ಸಂಸ್ಥಾನಗಳು ಭಾರತದಲ್ಲಿ ಸೇರುತ್ತಿದ್ದ ಆ ದಿನಗಳಲ್ಲಿ ಪಂಡಿತ್ ನೆಹರೂ, ಸರ್ದಾರ್ ಪಟೇಲರಂಥವರು ಆ ವಿಮಾನದಲ್ಲಿ ಪ್ರಯಾಣ ಮಾಡಿದ್ದಾರೆ. ದೇಶ ಹೋಳಾದಾಗ ಗಡಿಯಾಚೆ ಸಿಕ್ಕಿಕೊಂಡ ಜನರನ್ನು ಕರೆತರುವ ಕೆಲಸವೂ ಈ ಕುಟುಂಬದ ಪಾಲಿಗೆ ಬಂತು.

ಕುಟುಂಬ ಎಂದು ಬೇಕೆಂದೇ ಹೇಳುತ್ತಿದ್ದೇವೆ. ಏಕೆಂದರೆ ಆ ವಿಮಾನದ ಮುಂಭಾಗದಲ್ಲಿ ಇರುವ ಎರಡು ಸೀಟುಗಳಲ್ಲಿ ಒಂದರಲ್ಲಿ ಕ್ಯಾಪ್ಟನ್ ಸುಂದರಂ ಕುಳಿತರೆ, ಇನ್ನೊಂದರಲ್ಲಿ ಅವರ ಪತ್ನಿ ಉಷಾ ಸುಂದರಂ ಕೂರುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿದ್ದ ಹೆಣ್ಣುಮಗಳು. ಮದುವೆಯ ನಂತರ ಹಾರುವುದನ್ನು ಕಲಿತರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಿಂದ 1949ರಲ್ಲಿ ತೇರ್ಗಡೆಯಾದರು. ಆ ಶಾಲೆಯಿಂದ ತೇರ್ಗಡೆಯಾದ ಮೊದಲ ಮಹಿಳೆ ಅವರೇ. ಜಕ್ಕೂರು ನಮಗೆ ಎಷ್ಟು ದೂರ? ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ನೋಡಿಕೊಂಡು ಬರಬಹುದು. ಕೆಂಪೇಗೌಡರ ಹೆಸರಿನ ವಿಮಾನ ನಿಲ್ದಾಣಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲೇ ಸಿಗುತ್ತದೆ. ಕೆಂಪೇಗೌಡರ ವಂಶದವರು ಆಳಿದ ಮಾಗಡಿಯ ಮಕ್ಕಳಿಗೆ ಆ ನಿಲ್ದಾಣ ಪರಸ್ಥಳವಾಗಬಾರದು.

1951ರಲ್ಲಿ ಈ ಗಂಡ ಹೆಂಡತಿ ಲಂಡನ್‌ನಿಂದ ಬೊಂಬಾಯಿಗೆ ಡವ್ ಎಂಬ ಪುಟ್ಟ ವಿಮಾನವನ್ನು ತಂದರು. ಮದರಾಸು ಸರ್ಕಾರ ಕೊಂಡಿದ್ದ ವಿಮಾನ ಅದು. ಹತ್ತು ಜನ ಕೂತರೆ ತುಂಬಿಹೋಗುವಷ್ಟು ಚಿಕ್ಕದು. ನಡುನಡುವೆ ಇಳಿದು ಇಂಧನ ತುಂಬಿಸಿಕೊಳ್ಳಬೇಕು, ಮತ್ತೆ ಏರಬೇಕು. ಏಳು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು 27 ಗಂಟೆಗಳಲ್ಲಿ ಮುಗಿಸಿದರು. ಪಿಸ್ಟನ್ ಎಂಜಿನ್ ವಿಮಾನಗಳಲ್ಲಿ ಅದೊಂದು ದಾಖಲೆ. ಇಷ್ಟು ಸಾಧಿಸಿದ ಮೇಲೆ ಅದೇ ವರ್ಷ ಉಷಾ ಅವರು ಮಕ್ಕಳನ್ನು ಬೆಳೆಸಲೆಂದು ಹಾರಾಟ ನಿಲ್ಲಿಸಿದರು. ಕಲಿತ ವಿದ್ಯೆ ವ್ಯರ್ಥವಾಯಿತಲ್ಲ ಎಂದು ಯಾರಾದರೂ ಹೇಳಬಹುದು. ವ್ಯರ್ಥವಾಗಲಿಲ್ಲ. ಮುಂದಿನದನ್ನು ಕೇಳಿ.

1959ರಲ್ಲಿ ಮದರಾಸಿನಲ್ಲಿ ಭಾರಿ ಮಳೆ. ಬೀದಿಗಳೆಲ್ಲ ನೀರು. ಆ ನೀರಿನಲ್ಲಿ ಮುಳುಗಿ ಏಳುತ್ತಿದ್ದ ನಾಯಿಮರಿಗಳನ್ನು ಕ್ಯಾಪ್ಟನ್ ಸುಂದರಂ ಎತ್ತಿಕೊಂಡು ಮನೆಗೆ ತಂದರು. ಹೆಂಡತಿ, ಮಕ್ಕಳು ಸೇರಿ ಆರೈಕೆ ಮಾಡಿದರು. ಅಲ್ಲಿಂದ ಮನೆಯೇ ಗಾಯಗೊಂಡ ಪ್ರಾಣಿಗಳ ಆಸ್ಪತ್ರೆಯಾಯಿತು. ಇಂದು ಬ್ಲೂ ಕ್ರಾಸ್ ಆಫ್ ಇಂಡಿಯಾ ಎಂದು ಹೆಸರಾಗಿರುವ ಸಂಸ್ಥೆ ಹುಟ್ಟಿದ್ದು ಹೀಗೆ. ಅದಕ್ಕೆ ದೊಡ್ಡ ಕಟ್ಟಡ ಬೇಕಾಗಲಿಲ್ಲ, ಉದ್ಘಾಟನೆ ಬೇಕಾಗಲಿಲ್ಲ. ಒಂದು ಮನೆಯವರ ಮನಸ್ಸು ಸಾಕಾಯಿತು.

ಬಾಯಾರಿದ ನಾಯಿಗೆ ನೀರು ಕುಡಿಸಿದವನ ಹದೀಸ್ ಇಲ್ಲಿರುವ ಎಲ್ಲರಿಗೂ ಗೊತ್ತು. ಬಾವಿಗೆ ಇಳಿದು, ಕಾಲಿನ ಚರ್ಮದ ಮೋಜಾದಲ್ಲಿ ನೀರು ತುಂಬಿ, ಬಾಯಲ್ಲಿ ಕಚ್ಚಿಕೊಂಡು ಮೇಲೆ ಬಂದು ಆ ಮೂಕಪ್ರಾಣಿಗೆ ಕುಡಿಸಿದ. ಅಲ್ಲಾಹನು ಅವನ ಪಾಪಗಳನ್ನು ಕ್ಷಮಿಸಿದ. ಜೀವವಿರುವ ಪ್ರತಿಯೊಂದಕ್ಕೂ ಮಾಡಿದ ಉಪಕಾರಕ್ಕೆ ಪ್ರತಿಫಲವಿದೆ ಎಂದು ಪ್ರವಾದಿಯವರು (ಸ) ತಿಳಿಸಿದ್ದಾರೆ. ಮಸೀದಿಯಲ್ಲಿ ಕೇಳಿದ ಈ ಮಾತನ್ನು ಬೀದಿಯಲ್ಲಿ ನಡೆಸಿಕೊಟ್ಟವರು ಯಾರೇ ಇರಲಿ, ಅವರನ್ನು ಗೌರವಿಸುವುದು ನಮ್ಮ ಧರ್ಮವೇ.

ದಾನಿಗಳಿಗೆ ಇಲ್ಲಿ ಒಂದು ಮಾತು. ಸುಂದರಂ ಅವರ ಮಗ ಚಿನ್ನಿ ಕೃಷ್ಣ ಎಂಜಿನಿಯರಿಂಗ್ ಓದಿದವರು. ಬೀದಿನಾಯಿಗಳನ್ನು ಕೊಲ್ಲುವುದರಿಂದ ಅವು ಕಡಿಮೆಯಾಗುವುದಿಲ್ಲ, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ ಅದೇ ಬೀದಿಗೆ ಬಿಡಬೇಕು ಎಂಬ ಕೆಲಸವನ್ನು ಬ್ಲೂ ಕ್ರಾಸ್ 1964ರಲ್ಲಿ ಶುರುಮಾಡಿತು. ಮದರಾಸಿನ ನಗರಪಾಲಿಕೆ ಅದನ್ನು ಒಪ್ಪಿಕೊಂಡದ್ದು 1996ರಲ್ಲಿ. ದೇಶಕ್ಕೆಲ್ಲ ನಿಯಮವಾದದ್ದು 2001ರಲ್ಲಿ. ಲೆಕ್ಕ ಹಾಕಿ: ಮೊದಲ ಒಪ್ಪಿಗೆಗೇ 32 ವರ್ಷ. ಅಪ್ಪ ಬಿತ್ತಿದ್ದನ್ನು ಮಗ ಕಾದು ಬೆಳೆಸಿದರು. ನಾವು ಈ ವರ್ಷ ಕೊಟ್ಟ ಹಣಕ್ಕೆ ಮುಂದಿನ ವರ್ಷವೇ ಫಲ ಎಲ್ಲಿ ಎಂದು ಕೇಳಬಾರದು. ಮನುಷ್ಯ ತೀರಿಕೊಂಡ ಮೇಲೂ ನಿಲ್ಲದೆ ನಡೆಯುವುದು ಮೂರು ಎಂದು ನಾವು ಕಲಿತಿದ್ದೇವೆ: ಸದಖ ಎ ಜಾರಿಯಾ, ಉಪಯೋಗಕ್ಕೆ ಬರುವ ಇಲ್ಮ್, ದುಆ ಮಾಡುವ ಸಾಲಿಹ್ ಸಂತಾನ. ಒಂದು ಮಗುವಿನ ಓದಿಗೆ ಕೊಟ್ಟ ಹಣದಲ್ಲಿ ಈ ಮೂರೂ ಸೇರಿಕೊಳ್ಳುತ್ತವೆ.

ಇನ್ನು ತಂದೆ ತಾಯಂದಿರಿಗೆ. ನಿಮ್ಮ ಕಷ್ಟ ನಮಗೆ ಗೊತ್ತು. ರಾಮನಗರದಲ್ಲಿ ಗೂಡಿನ ರೇಟು ಏರಿದ ದಿನ ರೀಲರ್ ಮನೆಯಲ್ಲಿ ಚಿಂತೆ. ರೇಷ್ಮೆ ನೂಲಿನ ರೇಟು ಇಳಿದ ದಿನ ಇನ್ನೂ ದೊಡ್ಡ ಚಿಂತೆ. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳಿನ ಚರ್ಮ ಸುಲಿದ ತಾಯಂದಿರು ಇಲ್ಲಿ ಕೂತಿದ್ದಾರೆ. ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿ ಊರಿನವರ ಮಕ್ಕಳಿಗೆಲ್ಲ ಆಟಿಕೆ ಮಾಡಿಕೊಟ್ಟ ಕೈಗಳು ಸ್ವಂತ ಮಕ್ಕಳ ಫೀಸಿಗೆ ಸಾಲ ಹುಡುಕುತ್ತವೆ. ಇಂಥ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಗಂಡುಮಗನನ್ನು ಕೆಲಸಕ್ಕೂ ಹೆಣ್ಣುಮಗಳನ್ನು ನಿಕಾಹ್‌ಗೂ ಒಪ್ಪಿಸುವ ಯೋಚನೆ ಬರುವುದು ಸಹಜ. ಆದರೆ ಒಂದು ಕೆಲಸ ಮಾಡಿ. ಹೆಣ್ಣು ನೋಡಲು ಬಂದವರ ಮುಂದೆ ಬಂಗಾರ, ಸಾಮಾನಿನ ಮಾತಿಗೆ ಮೊದಲು, ಹುಡುಗಿ ಓದು ಮುಂದುವರಿಸುತ್ತಾಳೆ ಎಂಬ ಮಾತನ್ನು ಇಡಿ. ಒಪ್ಪುವ ಅಳಿಯ ಸಿಗುತ್ತಾನೆ. 1949ರಲ್ಲೇ ಒಬ್ಬ ಗಂಡ ತನ್ನ ಹೆಂಡತಿಗೆ ಪಕ್ಕದ ಸೀಟು ಕೊಟ್ಟಿದ್ದ. ಈಗ ಒಂದು ಡಿಗ್ರಿಗೆ ಒಪ್ಪದವರ ಮನೆಗೆ ಮಗಳನ್ನು ಯಾಕೆ ಕೊಡಬೇಕು?

ಪೈಲಟ್ ಆಗಬೇಕೆನ್ನುವ ಮಕ್ಕಳೇ, ದಾರಿ ತಿಳಿದುಕೊಳ್ಳಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ಕಾಮರ್ಸ್ ತೆಗೆದುಕೊಂಡವರು ಆ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಬರೆಯಬಹುದು. ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಬೇಕು. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ಖರ್ಚು ಹತ್ತಾರು ಲಕ್ಷ. ಅಷ್ಟನ್ನು ನಮ್ಮ ಟ್ರಸ್ಟ್ ಕೊಡಲಾರದು, ಆಸೆ ಹುಟ್ಟಿಸಿ ಕೈಬಿಡುವುದೂ ಸರಿಯಲ್ಲ. ಆದರೆ ಹತ್ತನೇ ತರಗತಿಯ ಗಣಿತಕ್ಕೆ ಟ್ಯೂಷನ್ ಫೀಸು, ಪಿಯುಸಿ ವಿಜ್ಞಾನಕ್ಕೆ ಸೇರುವ ಫೀಸು, ಪುಸ್ತಕ, ಬಸ್ ಪಾಸು, ಇಷ್ಟನ್ನು ಖಂಡಿತ ಕೊಡಬಹುದು. ಬಹಳ ಮಕ್ಕಳ ದಾರಿ ಮುಚ್ಚಿಹೋಗುವುದು ಅಲ್ಲೇ. ಪೈಲಟ್ ಆಗದಿದ್ದರೂ ಆ ಗಣಿತ ನರ್ಸಿಂಗಿಗೆ, ಡಿಪ್ಲೊಮಾಗೆ, ಎಂಜಿನಿಯರಿಂಗಿಗೆ, ಅಂಗಡಿ ಲೆಕ್ಕಕ್ಕೂ ಬರುತ್ತದೆ. ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯನ್ನೂ ವಿಚಾರಿಸಿ.

ಅರ್ಜಿ ಹಾಕುವವರು ಅಂಕಪಟ್ಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಶಾಲೆ ಅಥವಾ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಜೋಡಿಸಿಟ್ಟುಕೊಳ್ಳಿ. ದಾನಿಗಳು ತಮ್ಮ ಹಣ ಜಕಾತೋ, ಸದಖವೋ ಎಂದು ರಸೀದಿಯಲ್ಲಿ ಬರೆಸಿ. ಜಕಾತ್ ಅದಕ್ಕೆ ಅರ್ಹರಾದವರಿಗೇ ಸೇರಬೇಕು.

ಕ್ಯಾಪ್ಟನ್ ಸುಂದರಂ, ಉಷಾ ಸುಂದರಂ ಇಬ್ಬರೂ ಈಗ ಇಲ್ಲ. ಅವರು ಹಾರಿಸಿದ ಡಕೋಟಾದ ಕಾಲವೂ ಮುಗಿಯಿತು. ಅವರು ಮನೆಯಲ್ಲಿ ಆರಂಭಿಸಿದ ಸೇವೆ ಮಾತ್ರ ನಡೆಯುತ್ತಿದೆ. ನಮ್ಮ ಮಕ್ಕಳ ವಿದ್ಯೆಯಲ್ಲಿ, ದಾನಿಗಳ ದುಡಿಮೆಯಲ್ಲಿ ಅಲ್ಲಾಹನು ಬರ್ಕತ್ ಕೊಡಲಿ. ಆಮೀನ್.