ಎಲೆಯ ಒಗರು, ಚಿನ್ನದ ಕೆಂಪು

ವಡೋದರದ ಗೋರ್ವಾದಲ್ಲಿ ಗಾಡಿಯವರು ‘ಜಾಮ್‌ಫಳ್’ ಎಂದು ಕೂಗುವ ಹಣ್ಣು ಮೈಸೂರಿನವರಿಗೆ ಸೀಬೆ, ಧಾರವಾಡದವರಿಗೆ ಪೇರಲ. ಅದರ ಎಲೆ ಅಗಿದರೆ ಬಾಯೆಲ್ಲ ಒಗರು. ಆ ಒಗರಿಗೂ ಚಿನ್ನಕ್ಕೂ ಒಂದು ನಂಟಿದೆ.

ಚಿನ್ನ ಹಳದಿ, ನಿಜ. ಆದರೆ ಇಪ್ಪತ್ತು ನ್ಯಾನೋಮೀಟರಿನಷ್ಟು, ಅಂದರೆ ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು, ಸಣ್ಣ ಕಣಗಳಾಗಿ ನೀರಿನಲ್ಲಿ ತೇಲಿದರೆ ಅದರ ಬಣ್ಣ ಮಾಣಿಕ್ಯದ ಕೆಂಪು. 1857ರಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ಲವಣಕ್ಕೆ ರಂಜಕ ಸೇರಿಸಿ ಈ ಕೆಂಪನ್ನು ಪಡೆದರು. ಅವರ ಸೀಸೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇದೆ. 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ಸಿಟ್ರೇಟಿನಿಂದ, ಅಂದರೆ ನಿಂಬೆಯ ಹುಳಿಯ ಲವಣದಿಂದ, ಇದೇ ಕೆಲಸ ಆಗುವ ಬಗೆಯನ್ನು ವಿವರವಾಗಿ ತೋರಿಸಿದರು. ನಿಂಬೆಯ ಹುಳಿಗೆ ಸಾಧ್ಯವಾದದ್ದು ಇಡೀ ಎಲೆಗೆ ಏಕೆ ಸಾಧ್ಯವಿಲ್ಲ?

2002ರಲ್ಲಿ ಟೆಕ್ಸಾಸಿನ ಗಾರ್ಡಿಯಾ-ಟೊರೆಸ್ಡೇ ತಂಡವು ಜೀವಂತ ಕುದುರೆ ಮೆಂತೆ ಗಿಡದೊಳಗೆ ಚಿನ್ನದ ಕಣಗಳನ್ನು ಕಂಡಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡ ಎಲೆ ಕುದಿಸಿದ ನೀರನ್ನೇ ಬಳಸಿತು: 2003ರಲ್ಲಿ ಜೆರೇನಿಯಂ, 2004ರಲ್ಲಿ ಬೇವು. ಮಜ್ಜಿಗೆ ಹುಲ್ಲಿನ ರಸವಂತೂ ತ್ರಿಕೋನಾಕಾರದ ಚಿನ್ನದ ಹಾಳೆಗಳನ್ನೇ ಕೊಟ್ಟಿತು.

ನನಗೆ ಹೆಚ್ಚು ಆಪ್ತವೆನಿಸುವುದು ಕಲಬುರಗಿಯ ಕೆಲಸ. ಗುಲ್ಬರ್ಗ ವಿಶ್ವವಿದ್ಯಾಲಯದ ಎ. ವೆಂಕಟರಾಮನ್ ಅವರ ತಂಡ ಮೊದಲು ಶಿಲೀಂಧ್ರದಿಂದ ಬೆಳ್ಳಿಯ ಕಣ ತಯಾರಿಸಿತು. 2009ರಲ್ಲಿ ಸೀಬೆ ಎಲೆಯ ರಸವನ್ನು ಮೈಕ್ರೋವೇವ್‌ಗೆ ಒಡ್ಡಿ ಚಿನ್ನದ ಕಣ ಪಡೆಯಿತು; ಮರುವರ್ಷ ಅಡುಗೆಮನೆಯ ಲವಂಗದಿಂದಲೂ ಪಡೆಯಿತು. ಬಿಸಿಲ ನಾಡಿನ ಪ್ರಯೋಗಶಾಲೆಯಲ್ಲಿ, ಹಿತ್ತಲ ಎಲೆಯಿಂದ!

ಇಲ್ಲಿ ಎಲೆ ಎರಡು ಕೆಲಸ ಮಾಡುತ್ತದೆ. ಲವಣದಲ್ಲಿರುವ ಚಿನ್ನದ ಪರಮಾಣು ಮೂರು ಎಲೆಕ್ಟ್ರಾನು ಕಳೆದುಕೊಂಡಿರುತ್ತದೆ. ಒಗರು ಕೊಡುವ ಫಿನಾಲ್ ಜಾತಿಯ ಪದಾರ್ಥಗಳು ಅವನ್ನು ಮರಳಿ ಕೊಡುತ್ತವೆ. ಚಿನ್ನ ಚಿನ್ನವಾಗಿ ಗುಂಪುಗೂಡತೊಡಗಿದಾಗ, ರಸದಲ್ಲಿರುವ ಪ್ರೋಟೀನು ಮುಂತಾದವು ಕಣದ ಸುತ್ತ ಹೊದಿಕೆಯಾಗಿ ನಿಂತು, ಗಟ್ಟಿಯಾಗಿ ತಳ ಸೇರದಂತೆ ತಡೆಯುತ್ತವೆ.

ಇದನ್ನೆಲ್ಲ ‘ಹಸಿರು ವಿಧಾನ’ ಎನ್ನುವಾಗ ಒಂದು ಮಾತು ಮರೆಯಬಾರದು: ಆ ಚಿನ್ನದ ಲವಣ ಬರುವುದು ಇನ್ನೂ ಚಿನ್ನವನ್ನು ಉಗ್ರ ಆಮ್ಲದಲ್ಲಿ ಕರಗಿಸಿಯೇ. ಇನ್ನೊಂದು ತೊಡಕು, ಮಳೆಗಾಲದ ಎಲೆಯ ಒಗರು ಬೇರೆ, ಬೇಸಿಗೆಯದೇ ಬೇರೆ. ಗೋರ್ವಾದ ಸುತ್ತಲಿನಂಥ ಔಷಧ ಕಾರ್ಖಾನೆಗಳಿಗೆ ಬೇಕಾದದ್ದು ಪ್ರತಿ ಸಲವೂ ಒಂದೇ ಅಳತೆಯ ಕಣ. ಅದಕ್ಕೆ ಎಲೆಯ ರಸದಲ್ಲಿ ಯಾವ ಪದಾರ್ಥ ಎಷ್ಟಿದೆ ಎಂದು ಮೊದಲು ಅಳೆಯಬೇಕು. ಚಿನ್ನ ಸೇರಿಸುವುದು ಆಮೇಲೆ.