ಬಾವಿಯ ನೀರಿನಿಂದ ರಸಾಯನಶಾಸ್ತ್ರದ ಪ್ರಥಮ ಪಾಠ



ರಸಾಯನಶಾಸ್ತ್ರವೆಂದೊಡನೆ ಗಾಜಿನ ಪಾತ್ರೆಗಳೂ ಕಟುಗಂಧವೂ ನೆನಪಿಗೆ ಬರುವುದುಂಟು. ಅದರ ಪ್ರಥಮ ಪಾಠಕ್ಕೆ ಅವಾವುವೂ ಬೇಕಿಲ್ಲ. ಮನೆಯ ಕೊಡದ ನೀರು ಸಾಕು.

ಜಲವನ್ನು ಹಿರಿಯರು ಪಂಚಭೂತಗಳಲ್ಲಿ ಎಣಿಸಿದರು. ರಸಾಯನಜ್ಞರ ಎಣಿಕೆ ಬೇರೆ. ಬೇರೊಂದು ಸರಳ ವಸ್ತುವಾಗಿ ಒಡೆಯಲಾಗದುದು ಅವರಿಗೆ ಮೂಲವಸ್ತು. ನೀರು ಅಂತಹುದಲ್ಲವೆಂದು 1783ರಲ್ಲಿ ಫ್ರಾನ್ಸಿನ ಲವಾಸಿಯೇ ಪಂಡಿತನು ಸಾರಿದನು. ತೂಕದಲ್ಲಿ ಜಲಜನಕ 1 ಪಾಲು, ಆಮ್ಲಜನಕ ಸುಮಾರು 8 ಪಾಲು. ಗಂಗೆಯಾಗಲಿ ತುಂಗಭದ್ರೆಯಾಗಲಿ ಈ ಪ್ರಮಾಣವು ಕದಲದು. ತಾನೇ ಉರಿಯುವ ಒಂದು ವಾಯುವೂ, ಉರಿಗೆ ಆಧಾರವಾದ ಇನ್ನೊಂದು ವಾಯುವೂ ಕೂಡಿ ಉರಿಯನ್ನಾರಿಸುವ ನೀರಾಗುವುದೆಂಬುದು ಸಣ್ಣ ಸೋಜಿಗವೇ? ಇದೇ ಸಂಯುಕ್ತ.

ಉಪ್ಪು ಕರಗಿದ ನೀರಿನ ಪರಿ ಹಾಗಲ್ಲ. ಉಪ್ಪು ಚಿಟಿಕೆಯಾದರೂ ಸರಿ, ಹಿಡಿಯಾದರೂ ಸರಿ. ನೀರು ಆವಿಯಾದರೆ ಉಪ್ಪು ಮರಳಿ ದೊರೆಯುತ್ತದೆ. ಇದು ಮಿಶ್ರಣ, ಅದರಲ್ಲಿಯೂ ದ್ರಾವಣ. ದ್ರಾವಣದೊಳಗಿನ ವಸ್ತು ಕಣ್ಣಿಗೆ ಕಾಣದು. ಆದುದರಿಂದ ತಿಳಿಯಾದ ನೀರೆಲ್ಲ ಶುದ್ಧವೆಂದು ನಂಬಲಾಗದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ನದಿ ದೂರವಾದ ಹಳ್ಳಿಗಳಿಗೆ ಕೊಳವೆಬಾವಿಯೇ ಗತಿ. ಆಳದ ಕಲ್ಲಿನೊಳಗೆ ಬಹುಕಾಲ ನಿಂತ ನೀರು ಅಲ್ಲಿಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕೂಡ್ಲಿಗಿ ಸೀಮೆಯ ಹಲವು ಬಾವಿಗಳಲ್ಲಿ ಅದು ಮಿತಿಯನ್ನು ಮೀರಿದೆ. ಮಿತಿಯಾದರೂ ಎಷ್ಟು? ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದೆಡೆ 1.5. ಸಾವಿರ ಲೀಟರಿನ ತೊಟ್ಟಿಯಲ್ಲಿ ಒಂದೂವರೆ ಗ್ರಾಂ! ನಾಲಗೆಗೆ ರುಚಿಯಿಲ್ಲ, ಮೂಗಿಗೆ ವಾಸನೆಯಿಲ್ಲ. ಹಲ್ಲು ಮೂಡುವ ವಯಸ್ಸಿನ ಕೂಸುಗಳು ಇಂತಹ ನೀರನ್ನು ಕುಡಿದರೆ ಹಲ್ಲಿನ ಮೇಲೆ ಸುಣ್ಣದಂತಹ ಮಚ್ಚೆಗಳೂ ಕಂದುಗೆರೆಗಳೂ ಉಳಿಯುತ್ತವೆ. ಮಿತಿಮೀರಿದ ನೀರನ್ನು ಬಹುವರ್ಷ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇದನ್ನು ಪೂರ್ವಕರ್ಮವೆಂದು ಕೈಬಿಡುವುದು ಅಜ್ಞಾನವೇ ಸರಿ.

ಕಾಯಿಸಿ ಕುಡಿದರೆ ದೋಷ ಹೋಗುವುದೆಂದು ತಾಯಂದಿರು ತಿಳಿದಿರುವರು. ಕ್ರಿಮಿಗಳ ಮಟ್ಟಿಗೆ ಅದು ನಿಜ. ಫ್ಲೋರೈಡಾದರೋ ಆವಿಯೊಡನೆ ಏಳದು. ಲೀಟರಿಗೆ 2 ಮಿಲಿಗ್ರಾಂ ಇದ್ದ ಎರಡು ಲೀಟರು ನೀರು ಕುದಿದು ಒಂದು ಲೀಟರಾದರೆ, ಉಳಿದ ನೀರಿನಲ್ಲಿ 4 ಮಿಲಿಗ್ರಾಂ ಇರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಕರಗಿದುದಕ್ಕೆ ನೂಲಿನ ಕಂಡಿ ಹೆಬ್ಬಾಗಿಲು.

ನಾಗಪುರದ ವಿಜ್ಞಾನಿಗಳು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣವನ್ನೂ ಪಟಿಕವನ್ನೂ ನೀರಿಗೆ ಬೆರೆಸಿ ಕದಡುವರು. ಪಟಿಕದಿಂದ ಹುಟ್ಟಿದ ಬಿಳಿಯ ಗಸಿಯು ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಇವುಗಳ ಅಳತೆಯನ್ನು ಪರೀಕ್ಷೆಯಿಂದ ಗೊತ್ತುಮಾಡಬೇಕೇ ಹೊರತು ಕೈಯಂದಾಜು ಸಲ್ಲದು. ಮಳೆಯ ನೀರಿನಲ್ಲಾದರೆ ಈ ದೋಷ ಇಲ್ಲವೆನ್ನುವಷ್ಟು ಅಲ್ಪ. ಅದನ್ನು ಚೊಕ್ಕಟವಾಗಿ ಹಿಡಿದಿಟ್ಟವರ ಕೆಲಸ ಹಗುರ.

ಪರೀಕ್ಷೆಯೂ ವಿದ್ಯಾರ್ಥಿಗಳಿಗೆ ಎಟುಕದುದಲ್ಲ. ಜಿರ್ಕೋನಿಯಂ ಬೆರೆತ ಕೆಂಬಣ್ಣದ ದ್ರಾವಣವನ್ನು ನೀರಿಗೆ ಹನಿಸಿದರೆ, ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಮಾಸಿ ಹಳದಿಗೆ ತಿರುಗುತ್ತದೆ.